ಸ್ವಿಫ್ ಫೈಲನ್ನು ನಾವೇ ಬಿಟ್ಟೆವು, ಐಫೋನ್ ಬಿಡಿಸಲಿಲ್ಲ

ನೀವು ಎರಡು ವಿಷಯ ಕೇಳಿದ್ದೀರಿ. ಅಣ್ಣನ ಹಳೇ ಸಿಡಿಯಲ್ಲಿ ಎಸ್‌ಡಬ್ಲ್ಯೂಎಫ್ ಫೈಲುಗಳು ಸಿಕ್ಕಿವೆ, ತೆರೆಯುತ್ತಿಲ್ಲ, ಏನು ಮಾಡಲಿ ಅಂತ ಒಂದು. ಆಗ ಎಲ್ಲೆಲ್ಲೂ ಇದ್ದ ಫ್ಲ್ಯಾಶ್ ಕಾರ್ಟೂನುಗಳನ್ನು ಕಲಾವಿದರು ಯಾಕೆ ಬಿಟ್ಟರು, ಫ್ಲ್ಯಾಶ್ ಬೇಡ ಅಂತ ಆಪಲ್‌ನ ಸ್ಟೀವ್ ಜಾಬ್ಸ್ ಬರೆದ ಪತ್ರದಿಂದಲಾ ಅಂತ ಇನ್ನೊಂದು. ಎರಡನೆಯದನ್ನೇ ಮೊದಲು ಹೇಳುತ್ತೇನೆ. ಬಿಟ್ಟವರಲ್ಲಿ ನಾನೂ ಒಬ್ಬ.

2002ರಿಂದ ಸುಮಾರು 8 ವರ್ಷ ನನ್ನ ಅನ್ನ ಫ್ಲ್ಯಾಶ್‌ನದೇ. ಕಾರ್ಟೂನು ಬರೆಯುವ ತಂತ್ರಾಂಶ ಅದು, ಅದರಿಂದ ಬಂದ ಫೈಲನ್ನು ಬ್ರೌಸರಿನಲ್ಲಿ ಓಡಿಸುತ್ತಿದ್ದದ್ದು ಫ್ಲ್ಯಾಶ್ ಪ್ಲೇಯರ್. ಹಗಲು ಬೆಂಗಳೂರಿನ ಒಂದು ಇ-ಲರ್ನಿಂಗ್ ಕಂಪನಿಯಲ್ಲಿ ಪಾಠಕ್ಕೆ ಆನಿಮೇಷನ್, ರಾತ್ರಿ ಮನೆಯಲ್ಲಿ ಸ್ವಂತ ಕಾರ್ಟೂನು. ಆ ಎಸ್‌ಡಬ್ಲ್ಯೂಎಫ್ ಫೈಲನ್ನು ನಾವು ‘ಸ್ವಿಫ್’ ಅನ್ನುತ್ತಿದ್ದೆವು. ವಿಡಿಯೋದಲ್ಲಿ ಇರುವ ಹಾಗೆ ಅದರಲ್ಲಿ ಸಾಲಾಗಿ ಫೋಟೋಗಳು ಇರುವುದಿಲ್ಲ. ಈ ಗೆರೆ ಇಲ್ಲಿಂದ ಅಲ್ಲಿಗೆ, ಈ ಬಣ್ಣ ಇದರೊಳಗೆ, ಈ ಕೈ 12ನೇ ಫ್ರೇಮಿಗೆ ಇಷ್ಟು ತಿರುಗಲಿ ಅನ್ನುವ ಲೆಕ್ಕ ಇರುತ್ತದೆ, ಅಷ್ಟೇ. ಚಿತ್ರ ಬರೆಯುವ ಕೆಲಸ ನೋಡುವವರ ಕಂಪ್ಯೂಟರಿನದು. ಹಾಗಾಗಿ ಮಾತು, ಸಂಗೀತ ಸೇರಿಸಿದರೂ 2 ನಿಮಿಷದ ಕಾರ್ಟೂನು ಒಂದು ಫ್ಲಾಪಿಗೆ ಹಿಡಿಯುತ್ತಿತ್ತು. ಡಯಲ್-ಅಪ್ ಮೋಡೆಮ್ ಕೀಚು ಕೀಚು ಅನ್ನುತ್ತಿದ್ದ ಕಾಲದಲ್ಲಿ ಅದೇ ದೊಡ್ಡ ವಿಷಯ.

ಇನ್ನೊಂದು ಸುಖ ಇತ್ತು. ಕಾರ್ಟೂನಿನೊಳಗೆ ಗುಟ್ಟು ಬಚ್ಚಿಡಬಹುದಿತ್ತು. ನನ್ನ 2004ರ ದೀಪಾವಳಿ ಶುಭಾಶಯದಲ್ಲಿ ಜಗಲಿ ಮೇಲೆ ಮಲಗಿದ್ದ ಬೆಕ್ಕನ್ನು ಒತ್ತಿದರೆ ಅದು ಎದ್ದು ಹೂಕುಂಡ ಹಚ್ಚಿ ಓಡಿಹೋಗುತ್ತಿತ್ತು. ಯಾರಿಗೂ ಹೇಳಿರಲಿಲ್ಲ. ಕಂಡುಹಿಡಿದವರು ಮೇಲ್ ಮಾಡುತ್ತಿದ್ದರು.

ಕನ್ನಡ ಅಕ್ಷರದ ಪಾಡು ಮಾತ್ರ ಕೇಳಬೇಡಿ. ಒತ್ತಕ್ಷರ ಚೆಲ್ಲಾಪಿಲ್ಲಿ ಆಗುತ್ತಿತ್ತು. ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿ ಫ್ಲ್ಯಾಶ್‌ಗೆ ತಂದು, ‘ಬ್ರೇಕ್ ಅಪಾರ್ಟ್’ ಅನ್ನುವ ಕಮಾಂಡ್ ಹೊಡೆದು, ಅಕ್ಷರವನ್ನೇ ಚಿತ್ರ ಮಾಡಿಕೊಳ್ಳುತ್ತಿದ್ದೆವು. ಆಮೇಲೆ ಒಂದು ಕಾಗುಣಿತ ತಪ್ಪು ಕಂಡರೆ ಮತ್ತೆ ಮೊದಲಿಂದ. ಒಂದೇ ಲಾಭ ಏನಂದ್ರೆ, ಫಾಂಟ್ ಇಲ್ಲದ ಅಮೆರಿಕದ ಕಂಪ್ಯೂಟರಿನಲ್ಲೂ ಕನ್ನಡ ನೆಟ್ಟಗೆ ಕಾಣುತ್ತಿತ್ತು.

ನಮ್ಮ ಜಾತ್ರೆ ಅಂದರೆ ನ್ಯೂಗ್ರೌಂಡ್ಸ್ ಸೈಟು. 2000ದಿಂದ ಅಲ್ಲಿ ಯಾರು ಬೇಕಾದರೂ ಕಾರ್ಟೂನು ಹಾಕಬಹುದಿತ್ತು. ನೋಡಿದವರು ಓಟು ಹಾಕುತ್ತಿದ್ದರು, ಓಟಿನಲ್ಲಿ ಅಂಕ ತೀರಾ ಕಡಿಮೆ ಬಂದರೆ ಕಾರ್ಟೂನು ತಾನಾಗೇ ಅಳಿಸಿಹೋಗುತ್ತಿತ್ತು. ನನ್ನದು ಎರಡು ಸಲ ಹೋಗಿದೆ. ನಿಜ ಹೇಳಬೇಕಂದ್ರೆ ಹೋಗಬೇಕಾಗಿದ್ದವೇ.

ಈಗ ನಿಮ್ಮ ಜಾಬ್ಸ್ ವಿಷಯ. ಐಫೋನಿನಲ್ಲಿ 2007ರಿಂದಲೇ ಫ್ಲ್ಯಾಶ್ ಇರಲಿಲ್ಲ. ಬ್ಯಾಟರಿ ತಿನ್ನುತ್ತದೆ, ಭದ್ರತೆ ಇಲ್ಲ, ಬೆರಳಿನ ಕಾಲಕ್ಕೆ ಆಗಿಬರುವುದಿಲ್ಲ ಅಂತ 2010ರ ಏಪ್ರಿಲ್‌ನಲ್ಲಿ ಅವರು ಬರೆದರು. ಮುಂದಿನ ವರ್ಷವೇ ಫ್ಲ್ಯಾಶ್‌ನ ಒಡೆಯ ಅಡೋಬ್ ಕಂಪನಿ ಮೊಬೈಲ್ ಫ್ಲ್ಯಾಶ್ ಕೈಬಿಟ್ಟಿತು. 2020ರ ಡಿಸೆಂಬರ್ 31ಕ್ಕೆ ಪ್ಲೇಯರೇ ಮುಗಿಯಿತು. ಎಲ್ಲ ಸರಿ. ಆದರೆ ಕಾರ್ಟೂನು ಮಾಡುವವರಲ್ಲಿ ತುಂಬಾ ಜನ 2010ರ ಹೊತ್ತಿಗೆ ಆಗಲೇ ಗಂಟುಮೂಟೆ ಕಟ್ಟಿಯಾಗಿತ್ತು.

ಅವರನ್ನು ಎಳೆದಿದ್ದು ವಿಡಿಯೋ. ಆ ವಿಡಿಯೋವನ್ನು ಬ್ರೌಸರಿಗೆ ಹೊತ್ತು ತಂದಿದ್ದು ಯಾರು ಗೊತ್ತಾ? ಫ್ಲ್ಯಾಶ್ ಪ್ಲೇಯರೇ! 2002ರಲ್ಲಿ ಅದಕ್ಕೆ ವಿಡಿಯೋ ತೋರಿಸುವ ಶಕ್ತಿ ಬಂತು. 2005ರಲ್ಲಿ ಯೂಟ್ಯೂಬ್ ಶುರುವಾಗಿದ್ದು ಅದರ ಬೆನ್ನ ಮೇಲೆ. ತನ್ನ ಸವತಿಯನ್ನು ತಾನೇ ಆರತಿ ಎತ್ತಿ ಒಳಗೆ ಕರೆದ ಹಾಗಾಯಿತು.

ನನ್ನ ಬೆಕ್ಕಿನ ಕಾರ್ಟೂನನ್ನೇ ಯಾರೋ ಪುಣ್ಯಾತ್ಮರು ಸ್ಕ್ರೀನ್ ರೆಕಾರ್ಡ್ ಮಾಡಿ ಒಂದು ವಿಡಿಯೋ ಸೈಟಿಗೆ ಹಾಕಿದ್ದರು. ನನ್ನ ಸೈಟಿಗೆ ವಾರಕ್ಕೆ ಮೂವತ್ತು ನಲವತ್ತು ಜನ ಬಂದರೆ ಜಾಸ್ತಿ. ಅಲ್ಲಿ ಸಾವಿರಾರು ಜನ ನೋಡಿದ್ದರು. ಹೇಗೂ ಯಾರೋ ಹಾಕುತ್ತಾರೆ, ನಾವೇ ಹಾಕೋಣ ಅಂತ ಎಲ್ಲರಿಗೂ ಅನ್ನಿಸಿತು. 2007ರಲ್ಲಿ ಯೂಟ್ಯೂಬ್ ಜಾಹೀರಾತಿನ ಹಣದಲ್ಲಿ ಪಾಲು ಕೊಡಲು ಶುರು ಮಾಡಿದ ಮೇಲೆ ಕೇಳಬೇಕಾ.

ಆದರೆ ಸ್ವಿಫ್ ಅನ್ನು ವಿಡಿಯೋ ಮಾಡುವುದು ಸುಲಭ ಇರಲಿಲ್ಲ. ಫ್ಲ್ಯಾಶ್‌ನಲ್ಲಿ ‘ಮೂವಿ ಕ್ಲಿಪ್’ ಅಂತ ಒಂದು ತುಣುಕು ಇರುತ್ತದೆ. ಕಣ್ಣು ಮಿಟುಕಿಸುವುದು, ಗಾಳಿಪಟ ಅಲ್ಲಾಡುವುದು, ಇಂಥದ್ದೆಲ್ಲ ಅದರೊಳಗೆ ತನ್ನಷ್ಟಕ್ಕೆ ತಾನು ಓಡುತ್ತಿರುತ್ತದೆ. ಆಗಿನ ವರ್ಷನ್‌ಗಳಲ್ಲಿ ಎವಿಐ ಅನ್ನುವ ವಿಡಿಯೋ ಫೈಲಿಗೆ ಎಕ್ಸ್‌ಪೋರ್ಟ್ ಕೊಟ್ಟರೆ ಅವೆಲ್ಲ ಮೊದಲ ಫ್ರೇಮಿನಲ್ಲೇ ಕಲ್ಲಾಗುತ್ತಿದ್ದವು. ನನ್ನ ಬೆಕ್ಕು ಕಣ್ಣು ಬಿಡದೆ ಹಾಗೇ ಉಳಿಯಿತು. ಸ್ವಿಫ್ ಅನ್ನು ವಿಡಿಯೋ ಮಾಡುವ ‘ಸ್ವಿವೆಲ್’ ಅನ್ನುವ ಪುಟ್ಟ ತಂತ್ರಾಂಶವನ್ನು ನ್ಯೂಗ್ರೌಂಡ್ಸ್‌ನ ಮೈಕ್ ವೆಲ್ಶ್ ಮಾಡಿಕೊಟ್ಟರು, ಅದೂ ಆಮೇಲೆ. ಅಷ್ಟರಲ್ಲಿ ನಾವು ಮೊದಲಿಂದಲೇ ವಿಡಿಯೋಗೆ ಅಂತ ಬರೆಯುವುದು ಕಲಿತಿದ್ದೆವು. ಮೂವಿ ಕ್ಲಿಪ್ ಬೇಡ, ಬಟನ್ ಬೇಡ, ಗುಟ್ಟು ಬೇಡ. ನನ್ನ ಪ್ರಕಾರ ಸ್ವಿಫ್ ಸತ್ತಿದ್ದು ಅವತ್ತು. ಫ್ಲ್ಯಾಶ್ ತಂತ್ರಾಂಶ ಸಾಯಲಿಲ್ಲ ನೋಡಿ, 2016ರಲ್ಲಿ ‘ಅಡೋಬ್ ಅನಿಮೇಟ್’ ಅಂತ ಹೆಸರು ಬದಲಾಯಿಸಿಕೊಂಡಿತು. ಅದರಲ್ಲಿ ಬರೆದದ್ದು ವಿಡಿಯೋ ಆಗಿ ಹೊರಗೆ ಬರತೊಡಗಿತು, ಅಷ್ಟೇ.

ಹೋದವರಿಗೆ ಅಲ್ಲೂ ಸುಖ ಇರಲಿಲ್ಲ. 2012ರಲ್ಲಿ ಯೂಟ್ಯೂಬ್ ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ಬೆಲೆ ಕೊಡತೊಡಗಿತು. 3 ತಿಂಗಳು ಕೂತು 2 ನಿಮಿಷ ಬರೆಯುವವರು, ದಿನಾ ಅರ್ಧ ಗಂಟೆ ಗೇಮ್ ಆಡಿ ತೋರಿಸುವವರ ಮುಂದೆ ಏನು ಮಾಡಬೇಕು?

ಇನ್ನು ನಿಮ್ಮ ಸಿಡಿ. ಹಳೇ ಫ್ಲ್ಯಾಶ್ ಪ್ಲೇಯರ್ ಹುಡುಕಿ ಎಲ್ಲೆಲ್ಲಿಂದಲೋ ಇಳಿಸಿಕೊಳ್ಳಬೇಡಿ, ವೈರಸ್ ಬಂದೀತು. ‘ರಫಲ್’ ಅಂತ ಉಚಿತ ತಂತ್ರಾಂಶ ಇದೆ, ಅದನ್ನು ಶುರು ಮಾಡಿದ್ದೂ ಅದೇ ವೆಲ್ಶ್. ಅದರಲ್ಲಿ ಫೈಲ್ ತೆರೆಯಿರಿ. ಹಳೇ ವೆಬ್ ಪುಟಗಳನ್ನು ಕಾಪಾಡಿಡುವ ಇಂಟರ್ನೆಟ್ ಆರ್ಕೈವ್ ಸೈಟು ತನ್ನ ಹಳೇ ಫ್ಲ್ಯಾಶ್ ಸಂಗ್ರಹ ತೋರಿಸುವುದೂ ಇದರಿಂದಲೇ. 2006ಕ್ಕೂ ಮೊದಲಿನ ಸ್ವಿಫ್ ಆದರೆ ಬಹುತೇಕ ಓಡುತ್ತದೆ. ಸಿಡಿಯಲ್ಲಿ ಇಎಕ್ಸ್‌ಇ ಫೈಲೂ ಇದ್ದರೆ ಅದು ಪ್ಲೇಯರನ್ನು ಒಳಗೇ ಸೇರಿಸಿ ಮಾಡಿದ ಕಾರ್ಟೂನು ಇರಬಹುದು, ಅಣ್ಣನನ್ನೇ ಕೇಳಿ ತೆರೆಯಿರಿ. ಎಫ್ಎಲ್ಎ ಅಂತ ಕೊನೆಯಾಗುವ ಫೈಲು ಕಂಡರೆ ಅದು ಯಾವುದರಲ್ಲೂ ಓಡುವುದಿಲ್ಲ ಅಂತ ಅಳಿಸಿಬಿಡಬೇಡಿ. ಅವರು ಕೂತು ಬರೆದ ಮೂಲ ಅದು. ನನ್ನ ಬೆಕ್ಕಿನದು ನಾನು ಕಳೆದುಕೊಂಡೆ, ಸ್ವಿಫ್ ಒಂದೇ ಉಳಿದಿರುವುದು. ರಫಲ್‌ನಲ್ಲಿ ಹಾಕಿ ಒತ್ತಿದೆ. ಎದ್ದು ಹೂಕುಂಡ ಹಚ್ಚಿತು.