ಓದುಗರ ಪ್ರಶ್ನೆ: ಬೈಟುಗಳ ಹಿಂದುಮುಂದು

ಪ್ರಶ್ನೆ: ನೆಟ್‌ವರ್ಕ್ ಕಾರ್ಡೊಂದಕ್ಕೆ ನಾನು ಬರೆದ ಲಿನಕ್ಸ್ ಡ್ರೈವರ್ ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕೆಲಸ ಮಾಡುತ್ತಿತ್ತು. ಬಿಗ್ ಎಂಡಿಯನ್ (ಸಂಖ್ಯೆಯ ದೊಡ್ಡ ಸ್ಥಾನದ ಬೈಟನ್ನು ಮೊದಲು ಇಡುವ) ಪವರ್‌ಪಿಸಿ ಬೋರ್ಡಿನಲ್ಲಿ ಕಾರ್ಡಿನ ರಿಜಿಸ್ಟರುಗಳು ಸರಿಯಾಗಿಯೇ ಓದಿಬರುತ್ತವೆ, ಆದರೆ ಬಂದ ಪ್ಯಾಕೆಟ್ಟಿನ ಉದ್ದ 59,909 ಬೈಟ್ ಎಂದು ತೋರಿಸುತ್ತದೆ. ಅನುಮಾನ ಬಂದ ಕಡೆಯಲ್ಲೆಲ್ಲ ಬೈಟ್ ತಿರುಗಿಸುವ ಸಾಲು ಸೇರಿಸಿದ ಮೇಲೆ ಲ್ಯಾಪ್‌ಟಾಪಿನಲ್ಲೂ ಕೆಟ್ಟಿತು. ತಪ್ಪು ಎಲ್ಲಿದೆ?

ಉತ್ತರ: ಆ ಸಂಖ್ಯೆಯಲ್ಲೇ ಉತ್ತರವಿದೆ. 1,500 ಬೈಟ್ ದತ್ತಾಂಶಕ್ಕೆ ಈಥರ್ನೆಟ್ ಹೆಡರಿನ 14 ಸೇರಿದರೆ 1,514, ಹೆಕ್ಸಾಡೆಸಿಮಲ್ಲಿನಲ್ಲಿ 05ಇಎ. ಎರಡು ಬೈಟುಗಳನ್ನು ಅದಲುಬದಲು ಮಾಡಿದರೆ ಇಎ05, ಅಂದರೆ ನಿಮ್ಮ 59,909. ಕಾರ್ಡು ಡಿಎಂಎ ಮೂಲಕ, ಅಂದರೆ ಪ್ರೊಸೆಸರನ್ನು ಬಳಸದೆ ನೇರವಾಗಿ, ಮೆಮೊರಿಗೆ ಬರೆಯುವ ಡಿಸ್ಕ್ರಿಪ್ಟರ್ (ಪ್ಯಾಕೆಟ್ಟಿನ ಉದ್ದ ಮುಂತಾದ ವಿವರಗಳ ದಾಖಲೆ) ಲಿಟಲ್ ಎಂಡಿಯನ್ ಕ್ರಮದಲ್ಲಿದೆ, ಎಂದರೆ ಚಿಕ್ಕ ಸ್ಥಾನದ ಬೈಟು ಮೊದಲು, ನೀವು ಅದನ್ನು ಪ್ರೊಸೆಸರಿನ ಕ್ರಮದಲ್ಲಿ ಓದುತ್ತಿದ್ದೀರಿ. (ಅಂಕಿಗಳನ್ನು ಪದಗಳಿಂದ ಸೂಚಿಸುವ ಭೂತಸಂಖ್ಯೆಯಲ್ಲಿ ಶಕವರ್ಷವನ್ನು ಬರೆಯುತ್ತಿದ್ದವರೂ ಬಿಡಿಸ್ಥಾನದಿಂದಲೇ ಆರಂಭಿಸುತ್ತಿದ್ದರು; ‘ಅಂಕಾನಾಂ ವಾಮತೋ ಗತಿಃ’ (ಅಂಕಿಗಳು ಎಡಕ್ಕೆ ಸಾಗುತ್ತವೆ) ಎಂಬ ನಿಯಮ ಗೊತ್ತಿಲ್ಲದವನು ಓದಿದರೆ ಅಲ್ಲಿಯೂ ಇದೇ ಪಾಡು.)

ರಿಜಿಸ್ಟರುಗಳು ಸರಿಯಾಗಿ ಬರುವುದಕ್ಕೆ ಕಾರಣ, ರೀಡ್‌ಎಲ್ ಮತ್ತು ರೈಟ್‌ಎಲ್ ಎಂಬ ಕರ್ನೆಲ್ ಫಂಕ್ಷನ್ನುಗಳು ಈ ಎರಡು ಕ್ರಮಗಳ ನಡುವಿನ ಪರಿವರ್ತನೆಯನ್ನು ತಾವೇ ಮಾಡುತ್ತವೆ. ಅವು ಕೊಟ್ಟ ಬೆಲೆಯನ್ನು ಮತ್ತೆ ತಿರುಗಿಸಿದ್ದರಿಂದಲೇ ಲ್ಯಾಪ್‌ಟಾಪೂ ಕೆಟ್ಟಿರಬೇಕು. ಹೊಸದಾಗಿ ಸೇರಿಸಿದ ಸಾಲುಗಳನ್ನೆಲ್ಲ ಮೊದಲು ತೆಗೆದುಹಾಕಿ. ಯಂತ್ರ ಯಾವುದೆಂದು ನೋಡದೆ ಸುಮ್ಮನೆ ಬೈಟ್ ತಿರುಗಿಸುವ ಸ್ವಾಬ್32 ಡ್ರೈವರಿನಲ್ಲಿ ಕಂಡರೆ, ಬರೆದವರು ಊಹೆಯ ಮೇಲೆ ಬರೆದಿದ್ದಾರೆಂದೇ ನಾನು ತಿಳಿಯುತ್ತೇನೆ.

ಅನಂತರ ಡಿಸ್ಕ್ರಿಪ್ಟರ್ ಸ್ಟ್ರಕ್ಚರಿನಲ್ಲಿ ಯು16, ಯು32 ಎಂದಿರುವ ಕಡೆಯಲ್ಲೆಲ್ಲ ಎರಡು ಅಂಡರ್‌ಸ್ಕೋರಿನಿಂದ ಆರಂಭವಾಗುವ, ಲಿಟಲ್ ಎಂಡಿಯನ್ ಎಂದು ಗುರುತಿಸುವ ಎಲ್‌ಇ16, ಎಲ್‌ಇ32 ಟೈಪುಗಳನ್ನು ಬಳಸಿ. ಕಂಪೈಲರಿಗೆ ಇವೆರಡರ ನಡುವೆ ವ್ಯತ್ಯಾಸವೇ ಕಾಣುವುದಿಲ್ಲ. ಆದರೆ ಲೀನಸ್ ಟೊರ್ವಾಲ್ಡ್ಸ್ 2003ರಲ್ಲಿ ಆರಂಭಿಸಿದ ಸ್ಪಾರ್ಸ್ ಎಂಬ ತಪಾಸಣಾ ತಂತ್ರಾಂಶಕ್ಕೆ ಕಾಣುತ್ತದೆ. ಮೇಕ್ ಆಜ್ಞೆಗೆ ‘ಸಿ=2’ ಸೇರಿಸಿ ಓಡಿಸಿದರೆ, ಪರಿವರ್ತಿಸದೆ ಬಳಸಿದ ಪ್ರತಿಯೊಂದು ಸಾಲನ್ನೂ ಅದು ಸಾಲುಸಂಖ್ಯೆಯ ಸಮೇತ ತೋರಿಸುತ್ತದೆ. ಅಂಥ ಕಡೆ, ಓದುವಾಗ ‘ಎಲ್‌ಇ16_ಟು_ಸಿಪಿಯು’, ಬರೆಯುವಾಗ ‘ಸಿಪಿಯು_ಟು_ಎಲ್‌ಇ16’ ಹಾಕಿ. ಲಿಟಲ್ ಎಂಡಿಯನ್ ಯಂತ್ರದಲ್ಲಿ ಇವು ಏನೂ ಮಾಡುವುದಿಲ್ಲವಾದ್ದರಿಂದ ಲ್ಯಾಪ್‌ಟಾಪಿಗೆ ತೊಂದರೆಯಿಲ್ಲ. ಎಚ್ಚರಿಕೆಯ ಬಾಯಿ ಮುಚ್ಚಿಸಲು ‘ಫೋರ್ಸ್’ ಎಂಬ ಕಾಸ್ಟ್ (ಟೈಪನ್ನು ಬಲವಂತವಾಗಿ ಬದಲಿಸುವ ಗುರುತು) ಹಾಕುವವರಿದ್ದಾರೆ. ದಯವಿಟ್ಟು ನೀವು ಹಾಗೆ ಮಾಡಬೇಡಿ.

ಪ್ಯಾಕೆಟ್ಟಿನ ಒಳಗಿನ ಹೆಡರುಗಳ ಮಾತು ಬೇರೆ. ಅವು ಯಾವಾಗಲೂ ಬಿಗ್ ಎಂಡಿಯನ್; ಅವುಗಳ ಟೈಪು ಬಿಇ16, ಬಿಇ32. ಐಪಿವಿ4ನ್ನು ಸೂಚಿಸುವ 0800 ಎಂಬ ಈಥರ್‌ಟೈಪನ್ನು (ಒಳಗಿರುವ ದತ್ತಾಂಶ ಯಾವ ಬಗೆಯದೆಂದು ಹೇಳುವ ಸಂಖ್ಯೆ) ಪರಿವರ್ತಿಸದೆ ಹೋಲಿಸಿದರೆ ಲ್ಯಾಪ್‌ಟಾಪಿನಲ್ಲಿ ಅದು 0008 ಆಗುತ್ತದೆ, ನಿಮ್ಮ ಬೋರ್ಡಿನಲ್ಲಿ ಮಾತ್ರ ಸರಿಯಾಗಿಯೇ ಇರುತ್ತದೆ. ಆದ್ದರಿಂದ ಬೋರ್ಡಿನಲ್ಲಿ ಓಡಿತೆಂದ ಮಾತ್ರಕ್ಕೆ ಹೆಡರಿನ ಭಾಗ ಸರಿಯಿದೆ ಎಂದುಕೊಳ್ಳುವಂತಿಲ್ಲ.

ಸ್ಪಾರ್ಸ್ ಕಣ್ಣಿಗೆ ಬೀಳದ ತಪ್ಪೂ ಒಂದಿದೆ. ಡಿಸ್ಕ್ರಿಪ್ಟರಿನಲ್ಲಿ ಸಿ ಭಾಷೆಯ ಬಿಟ್‌ಫೀಲ್ಡುಗಳನ್ನು (ಒಂದು ಪದದ ಕೆಲವೇ ಬಿಟ್ಟುಗಳಿಗೆ ಹೆಸರಿಡುವ ಅಂಶಗಳನ್ನು) ಬಳಸಿದ್ದರೆ, ಬಿಗ್ ಎಂಡಿಯನ್ ಪವರ್‌ಪಿಸಿಯಲ್ಲಿ ಕಂಪೈಲರು ಅವನ್ನು ಇನ್ನೊಂದು ತುದಿಯಿಂದ ಜೋಡಿಸುತ್ತದೆ. ಅವನ್ನು ತೆಗೆದು, ಇಡೀ ಎಲ್‌ಇ32 ಪದವನ್ನು ಪರಿವರ್ತಿಸಿಕೊಂಡ ಮೇಲೆ ಮಾಸ್ಕ್ ಮತ್ತು ಶಿಫ್ಟ್ ಮೂಲಕ ಬೇಕಾದ ಬಿಟ್ಟುಗಳನ್ನು ಪಡೆಯಿರಿ.