ಗುಡ್ಡದ ತುದಿಯದೋ, ಗದ್ದೆಯ ಬದಿಯದೋ? – ಮನೆ, ಜಾಗದ ಪ್ರಶ್ನೋತ್ತರ

ಪ್ರಶ್ನೆ: ನಾನು ನಿವೃತ್ತ ಅಧ್ಯಾಪಕ. ಹಿರಿಯರ ಮನೆ ಪಾಲಾದ ಮೇಲೆ ನನಗೆ ಬಂದ ಹಣದಲ್ಲಿ, ಕುಂಬಳೆ–ಬದಿಯಡ್ಕ ರಸ್ತೆಯಿಂದ ತುಸು ಒಳಗೆ ಹೊಸದಾಗಿ ಏಳುತ್ತಿರುವ 28 ಮನೆಗಳ ಬಡಾವಣೆಯೊಂದರಲ್ಲಿ ಮನೆ ಮಾಡಿಕೊಳ್ಳಬೇಕೆಂದಿದ್ದೇವೆ. ನಮ್ಮ ಕೈಗೆಟಕುವ ಬೆಲೆಗೆ ಮೂರು ಪ್ಲಾಟುಗಳು ಉಳಿದಿವೆ. 4ನೆಯದು ಗೇಟಿನ ಹತ್ತಿರ, ಸಮತಟ್ಟಾದ 6 ಸೆಂಟ್ಸ್. ಹತ್ತಿ ಇಳಿಯುವ ಕಷ್ಟವಿಲ್ಲವೆಂದು ನನ್ನ ಹೆಂಡತಿಗೆ ಅದೇ ಮೆಚ್ಚು. 17ನೆಯದು ನಡುವಿನಲ್ಲಿದ್ದು, ಹಿಂದೆ ಗುಡ್ಡ ಕಡಿದ ಎತ್ತರದ ಬರೆ ಇದೆ. ಬೆಲೆ ಕಡಿಮೆ, ಬಾಗಿಲು ಪೂರ್ವಕ್ಕೆ ಬರುತ್ತದೆ. 23ನೆಯದು ತುದಿಯಲ್ಲಿ, 7 ಸೆಂಟ್ಸ್, ದೂರದಲ್ಲಿ ಸಮುದ್ರ ಕಾಣುತ್ತದೆಂದು ಬೆಂಗಳೂರಿನಲ್ಲಿರುವ ಮಗ ಅದನ್ನೇ ಹಿಡಿದು ಕೂತಿದ್ದಾನೆ. ಮೂರರಲ್ಲೂ ಒಂದೇ ನಕ್ಷೆಯ ಮನೆ ಕಟ್ಟಿಕೊಡುತ್ತಾರಂತೆ. ಚಿತ್ರಗಳನ್ನೂ ಬಡಾವಣೆಯ ನಕ್ಷೆಯನ್ನೂ ಇದರೊಂದಿಗೆ ಇಟ್ಟಿದ್ದೇನೆ. ಯಾವುದನ್ನು ಆರಿಸಬೇಕು?
– ಓದುಗರು, ನೀರ್ಚಾಲು

ಉತ್ತರ: ಮಾಸ್ತರರೇ, ಮೂರು ಪ್ಲಾಟುಗಳಲ್ಲಿಯೂ ಒಂದೇ ನಕ್ಷೆಯ ಮನೆ ಬರುವುದಾದರೆ ನೀವು ನಿಜವಾಗಿ ಆರಿಸುತ್ತಿರುವುದು ಮನೆಯನ್ನಲ್ಲ, ಅದರ ಅಡಿಯಲ್ಲಿರುವ ಮಣ್ಣನ್ನು ಮತ್ತು ಆ ಮಣ್ಣಿನಲ್ಲಿ ಆಟಿ ತಿಂಗಳ ನೀರು ಹರಿಯುವ ದಾರಿಯನ್ನು. ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕೇ ತಿಂಗಳಲ್ಲಿ. ನೀವು ಕಳುಹಿಸಿದ ಚಿತ್ರಗಳೆಲ್ಲ ಬೇಸಗೆಯಲ್ಲಿ ತೆಗೆದವು. ಆದುದರಿಂದ ನಾನು ಹೇಳುವುದನ್ನು ಓದಿದ ಮೇಲೆ, ಮುಂಗಡ ಕೊಡುವ ಮೊದಲು, ಎಡೆಬಿಡದೆ ಮಳೆ ಸುರಿಯುವ ಒಂದು ದಿನ ಕೊಡೆ ಹಿಡಿದು ಆ ಜಾಗಕ್ಕೆ ಹೋಗಿ ಎರಡು ಗಂಟೆ ನಿಂತು ನೋಡಿ ಬರಬೇಕೆಂದು ಕೇಳಿಕೊಳ್ಳುತ್ತೇನೆ.

ಮೊದಲು 4ನೆಯದನ್ನು ನೋಡೋಣ, ಏಕೆಂದರೆ ನನಗೆ ಹೆಚ್ಚು ಅಂಜಿಕೆ ಹುಟ್ಟಿಸಿದ್ದು ಅದೇ. ನಮ್ಮ ಹಿರಿಯರು ಗದ್ದೆಗಳನ್ನು ಬೈಲು, ಮಜಲು, ಬೆಟ್ಟು ಎಂದು ವಿಂಗಡಿಸಿದ್ದು ನೀರಿನ ಲೆಕ್ಕದಿಂದ: ಬೈಲು ತೀರ ತಗ್ಗಿನದು, ವರ್ಷದ ಹೆಚ್ಚು ಕಾಲ ನೀರು ನಿಲ್ಲುವಂಥದು, ಮಜಲು ಅದಕ್ಕಿಂತ ಮೇಲಿನದು, ಬೆಟ್ಟು ಮಳೆಯನ್ನೇ ನಂಬಿದ್ದು. ಚಿತ್ರದಲ್ಲಿ ಗೇಟಿನ ಆಚೆಗೆ ಅಂಚುಕಟ್ಟಿದ ಗದ್ದೆಯೂ ಒಂದು ತೋಡೂ ಕಾಣುತ್ತವೆ, ಪ್ಲಾಟು ಮಾತ್ರ ಅದಕ್ಕಿಂತ ನಾಲ್ಕೈದು ಅಡಿ ಎತ್ತರದಲ್ಲಿ ಕೆಂಪು ಮಣ್ಣಿನಿಂದ ಸಮವಾಗಿದೆ. ಮೇಲೆ ಗುಡ್ಡ ಕಡಿದ ಮಣ್ಣನ್ನು ಕೆಳಗಿನ ಮಜಲು ಗದ್ದೆಗೆ ಸುರಿದು ಈ ಸಮತಟ್ಟನ್ನು ಮಾಡಿದ್ದಾರೆ ಎಂಬುದು ನನ್ನ ಊಹೆ. ಅದು ನಿಜವಾಗಿದ್ದರೆ ತೊಂದರೆ ಎರಡು ಬಗೆಯದು. ಒಂದನೆಯದು ಕಾನೂನಿನದು. ಕೇರಳದ ಭತ್ತದ ಗದ್ದೆ ಮತ್ತು ಜೌಗು ಭೂಮಿ ಸಂರಕ್ಷಣಾ ಕಾಯ್ದೆ 2008ರಲ್ಲಿ ಬಂದ ಬಳಿಕ ಗದ್ದೆಯನ್ನು ಮುಚ್ಚುವುದು ನಿಷಿದ್ಧ. ಗದ್ದೆಯ ಒಡೆಯನಿಗೆ ಸ್ವಂತ ಮನೆಗಾಗಿ ಇರುವ ಸಣ್ಣ ವಿನಾಯಿತಿಯು ಲೇಔಟ್ ಮಾಡಿ ಮಾರುವವರಿಗೆ ಅನ್ವಯಿಸುವುದಿಲ್ಲ. ನಿಮ್ಮ ಪಂಚಾಯತಿನ ಕೃಷಿ ಭವನಕ್ಕೆ ಹೋಗಿ ಆ ಸರ್ವೆ ನಂಬ್ರ ಡೇಟಾ ಬ್ಯಾಂಕಿನಲ್ಲಿ, ಅಂದರೆ ಈ ಕಾಯ್ದೆಯಡಿ ಮಾಡಿದ ಗದ್ದೆಗಳ ಪಟ್ಟಿಯಲ್ಲಿ, ಇದೆಯೇ ಎಂದು ಕೇಳಿರಿ. ಗ್ರಾಮ ಕಚೇರಿಯ ಮೂಲ ತೀರ್ವೆ ರಿಜಿಸ್ಟರಿನಲ್ಲಿ ಅದು 'ನಿಲಂ' (ಗದ್ದೆ) ಎಂದಿದೆಯೋ 'ಪುರಯಿಡಂ' (ಮನೆ ಕಟ್ಟಬಹುದಾದ ಒಣ ಜಾಗ) ಎಂದಿದೆಯೋ ನೋಡಿರಿ. ಹಳೆಯ ಕನ್ನಡ ಪತ್ರಗಳಲ್ಲಾದರೆ 'ನಂಜ' ಎಂಬ ಮಾತು ಸಿಕ್ಕಿದರೆ ಅದೂ ಗದ್ದೆಯೇ. ಡೇಟಾ ಬ್ಯಾಂಕಿನಲ್ಲಿ ಇಲ್ಲದಿದ್ದರೂ ದಾಖಲೆಯಲ್ಲಿ ನಿಲಂ ಎಂದೇ ಉಳಿದಿದ್ದರೆ ಆರ್‌ಡಿಒ (ಕಂದಾಯ ವಿಭಾಗಾಧಿಕಾರಿ) ಅಥವಾ ಅಧಿಕಾರ ಪಡೆದ ಡೆಪ್ಯುಟಿ ಕಲೆಕ್ಟರರ ಪರಿವರ್ತನೆಯ ಆದೇಶ ಇರಬೇಕು. "ಅರ್ಜಿ ಹಾಕಿದ್ದೇವೆ, ಬರುತ್ತದೆ" ಎಂಬ ಮಾತಿನ ಮೇಲೆ ಹಣ ಕೊಡಬೇಡಿ. ಆದೇಶದ ಪ್ರತಿಯನ್ನು ಕೈಯಲ್ಲಿ ಹಿಡಿದು ಓದಿದ ಮೇಲಷ್ಟೇ ಮುಂದಿನ ಮಾತು.

ಎರಡನೆಯ ತೊಂದರೆ ಮಣ್ಣಿನದು. ತುಂಬಿದ ಮಣ್ಣನ್ನು ಗೇಣು ಗಾತ್ರದ ಪದರಗಳಲ್ಲಿ ಹರಡಿ ರೋಲರ್ ಹೊಡೆದು ಕೂರಿಸಿದ್ದರೆ ಅದು ನಿಲ್ಲುತ್ತದೆ. ಟಿಪ್ಪರಿನಿಂದ ಸುರಿದು ಮೇಲ್ಭಾಗವನ್ನಷ್ಟೇ ಜೆಸಿಬಿಯಲ್ಲಿ ಸವರಿದ್ದರೆ ಮಳೆಗಾಲದಿಂದ ಮಳೆಗಾಲಕ್ಕೆ ಕುಸಿಯುತ್ತಲೇ ಹೋಗುತ್ತದೆ. ನನ್ನ ಅಕ್ಕನ ಮನೆ ಇಂಥದೇ ಜಾಗದಲ್ಲಿತ್ತು. ಮೂರನೆಯ ಮಳೆಗಾಲಕ್ಕೆ ಅಡುಗೆಮನೆಯ ನೆಲ ಗೋಡೆಯಿಂದ ಬಿಟ್ಟುಕೊಂಡು ಬೆರಳು ತೂರುವಷ್ಟು ಸಂದಿಯಾಯಿತು. ಕಟ್ಟಿಕೊಟ್ಟವರು ಸಿಮೆಂಟು ಮೆತ್ತಿ ಹೋದರು. ಮರುವರ್ಷ ಅದೇ ಸಂದಿ ಮತ್ತೆ ತೆರೆಯಿತು. ಆ ಮನೆಯಲ್ಲಿ ಅವಳು ಮಳೆಯ ಸದ್ದಿಗೆ ಎದ್ದು ಕೂರುತ್ತಿದ್ದ ರಾತ್ರಿಗಳನ್ನು ನಾನು ಕಂಡಿದ್ದೇನೆ. ಹತ್ತಿ ಇಳಿಯುವ ಬಗ್ಗೆ ನಿಮ್ಮ ಹೆಂಡತಿಯವರ ಚಿಂತೆ ನ್ಯಾಯವಾದದ್ದೇ, ಅದಕ್ಕೆ ಪರಿಹಾರವನ್ನು ಮುಂದೆ ಹೇಳುತ್ತೇನೆ. ಆದರೆ 4ನೆಯದನ್ನು, ಕಾಗದಗಳು ಸರಿಯಿದ್ದರೂ, ಪಂಚಾಂಗವನ್ನು (ಅಡಿಪಾಯವನ್ನು) ತುಂಬಿದ ಮಣ್ಣನ್ನು ದಾಟಿ ಹಳೆಯ ಗಟ್ಟಿ ನೆಲದವರೆಗೆ ಇಳಿಸುತ್ತೇವೆಂದು ಒಪ್ಪಂದದಲ್ಲಿ ಬರೆದುಕೊಟ್ಟರೆ ಮಾತ್ರ ಯೋಚಿಸಬಹುದು.

17ನೆಯದರ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ, ಆದರೆ ಹೇಳಬೇಕಾದದ್ದು ಗಂಭೀರವಾದದ್ದು. ನಿಮ್ಮ ಮೂರನೆಯ ಚಿತ್ರದಲ್ಲಿ ಹಿಂದಿನ ಬರೆಯ ಮೇಲರ್ಧ ಕೆಂಪುಕಲ್ಲಿನದಾಗಿದ್ದು, ಕೆಳಗರ್ಧ ಬಿಳಿ, ಹಳದಿ, ತಿಳಿನೇರಳೆ ಬಣ್ಣಗಳು ಬೆರೆತ ನುಣುಪಾದ ಮಣ್ಣಾಗಿ ಕಾಣುತ್ತದೆ. ಅದು ಶೇಡಿಮಣ್ಣು. ಒಣಗಿರುವಾಗ ಹಾರೆಗೂ ಜಗ್ಗದಂತೆ ತೋರುವ ಈ ಮಣ್ಣು ನೀರು ಕುಡಿದಾಗ ತನ್ನ ಬಲವನ್ನೆಲ್ಲ ಕಳೆದುಕೊಳ್ಳುತ್ತದೆ. ಮೇಲಿನ ಕೆಂಪುಕಲ್ಲಿನ ಸಂದುಗಳಿಂದ ಇಳಿದ ಮಳೆನೀರು ಶೇಡಿಯ ಮೇಲೆ ಬಂದು ನಿಂತು, ಕಡಿದ ಮುಖದಲ್ಲಿ ಒಸರಲು ತೊಡಗಿದರೆ ಮೇಲಿನ ಕಲ್ಲೂ ಅದರೊಂದಿಗೆ ಜಾರುತ್ತದೆ. ಚೆರುವತ್ತೂರಿನ ವೀರಮಲೆ ಗುಡ್ಡ 2025ರ ಮಳೆಗಾಲದಲ್ಲಿ ಹೆದ್ದಾರಿಯ ಮೇಲೆ ಜರಿದದ್ದನ್ನು ನೀವೂ ಓದಿರುತ್ತೀರಿ. ಗುಡ್ಡವನ್ನು ನೆಟ್ಟಗೆ ಕಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ಜಿಲ್ಲೆಯವರು ದೂರ ಹೋಗಿ ನೋಡಬೇಕಾಗಿಲ್ಲ. ಬರೆಯ ಎತ್ತರದಷ್ಟಾದರೂ ದೂರವನ್ನು ಮನೆಯ ಹಿಂಗೋಡೆಗೂ ಬರೆಗೂ ನಡುವೆ ಬಿಡಬೇಕೆಂಬುದು ನಾನು ಪಾಲಿಸಿಕೊಂಡು ಬಂದ ಕ್ರಮ. ನಕ್ಷೆಯ ಪ್ರಕಾರ ಅಲ್ಲಿ ಉಳಿಯುವುದು ಎರಡು ಮೀಟರ್ ಕೂಡ ಇಲ್ಲ. ಪೂರ್ವದ ಬಾಗಿಲಿಗಾಗಿಯೋ ಕಡಿಮೆ ಬೆಲೆಗಾಗಿಯೋ ಇದನ್ನು ಕೊಳ್ಳಬೇಡಿ.

ಹಾಗಾಗಿ ನನ್ನ ಒಲವು ನಿಮ್ಮ ಮಗನ ಕಡೆಗೆ, ಆದರೆ ಸಮುದ್ರ ಕಾಣುತ್ತದೆಂಬ ಕಾರಣಕ್ಕಲ್ಲ. ಆ ತುದಿ ಬಹಳ ಮಟ್ಟಿಗೆ ಕಡಿಯದೆ ತುಂಬದೆ ಇದ್ದ ಹಾಗೆಯೇ ಇರುವ ಕೆಂಪುಕಲ್ಲಿನ ಪಾರೆ, ಮನೆಗೆ ಅದಕ್ಕಿಂತ ಒಳ್ಳೆಯ ಅಡಿಪಾಯ ನಮ್ಮ ಸೀಮೆಯಲ್ಲಿಲ್ಲ. ಬಹಳ ಮಟ್ಟಿಗೆ ಎಂದೆ. ಪಶ್ಚಿಮದ ಅಂಚಿನಲ್ಲಿ ತಡೆಗೋಡೆ ಕಟ್ಟಿ ಒಂದಷ್ಟು ತುಂಬಿಸಿರುವುದು ಚಿತ್ರದಲ್ಲಿ ಕಾಣುತ್ತದೆ. ಮನೆಯ ಅರ್ಧ ಪಾರೆಯ ಮೇಲೆ, ಅರ್ಧ ತುಂಬಿದ ಮಣ್ಣಿನ ಮೇಲೆ ಬಂದರೆ ಎರಡೂ ಒಂದೇ ಸಮನಾಗಿ ಕೂರುವುದಿಲ್ಲ, ಗೋಡೆ ಸೀಳುವುದು ನಿಶ್ಚಯ. ಮನೆಯನ್ನು ಪೂರ್ತಿಯಾಗಿ ಪಾರೆಯ ಮೇಲೆ ಸರಿಸಿ, ತುಂಬಿದ ಭಾಗವನ್ನು ಅಂಗಳಕ್ಕೂ ಹೂಗಿಡಗಳಿಗೂ ಬಿಡುವಂತೆ ಕೇಳಿರಿ. 7 ಸೆಂಟ್ಸ್ ಎಂದರೆ ಸುಮಾರು 3,049 ಚದರಡಿ, ಅಷ್ಟು ಸರಿಸಲು ಜಾಗವಿದೆ. ತಡೆಗೋಡೆಯಲ್ಲಿ ನೀರು ಹೊರಹೋಗುವ ಪೈಪುಗಳಿವೆಯೇ, ಮಳೆಯಲ್ಲಿ ಅವುಗಳಿಂದ ನೀರು ಬರುತ್ತದೆಯೇ ಎಂದು ನೋಡಿರಿ. ಪೈಪಿಲ್ಲದ ತಡೆಗೋಡೆ ಕಟ್ಟೆಯಂತೆ ನೀರನ್ನು ಹಿಡಿದು ಒಂದು ದಿನ ಹೊಟ್ಟೆಯುಬ್ಬಿಸಿಕೊಂಡು ಬೀಳುತ್ತದೆ.

ನಮ್ಮ ಗುಡ್ಡಗಳಿಗೆ ಮಾತ್ರ ಸಲ್ಲುವ ಎರಡು ವಿಚಾರಗಳನ್ನು ಊರಿನ ಹಿರಿಯರಲ್ಲಿ ವಿಚಾರಿಸಬೇಕು. ಒಂದು, ಹಿಂದೆ ಅಲ್ಲಿ ಕಲ್ಲಿನ ಕೋರೆ ಇತ್ತೇ ಎಂಬುದು. ಕಲ್ಲು ತೆಗೆದ ಹೊಂಡವನ್ನು ಮಣ್ಣು ತುಂಬಿಸಿ ಸಮಮಾಡಿದರೆ ಮೇಲಿನಿಂದ ನೋಡುವವರಿಗೆ ಅದೂ ಪಾರೆಯಂತೆಯೇ ಕಾಣುತ್ತದೆ. ಇನ್ನೊಂದು, ಗುಡ್ಡದ ಬದಿಯಲ್ಲಿ ಯಾರದಾದರೂ ಸುರಂಗವಿದೆಯೇ ಎಂಬುದು. ಆಳಿನೆತ್ತರದ, ಒಬ್ಬ ಮನುಷ್ಯ ಮಾತ್ರ ನಡೆಯಬಹುದಾದ ಈ ನೀರಿನ ಬಿಲಗಳು ಗುಡ್ಡದೊಳಗೆ ಬಹುದೂರ ಹೋಗಿರುತ್ತವೆ, ತೋಡಿದವರ ಮಕ್ಕಳಿಗೂ ಅದರ ತುದಿ ಎಲ್ಲಿದೆಯೆಂದು ತಿಳಿದಿರುವುದಿಲ್ಲ. ಅದು ಮನೆಯ ಅಡಿಗೆ ಬಂದರೆ ಅಪಾಯ; ಮಾತ್ರವಲ್ಲ, ನಿಮ್ಮ ಶೌಚದ ಗುಂಡಿಯ ನೀರು ಕೆಳಗಿನ ಮನೆಯವರು ತಲೆಮಾರುಗಳಿಂದ ಕುಡಿಯುತ್ತಿರುವ ಸುರಂಗಕ್ಕೆ ಇಳಿಯಬಾರದು.

23ರ ನಿಜವಾದ ಕೊರತೆ ನೀರು. ಪಾರೆಯ ಮೇಲೆ ಬಾವಿ ತೋಡಿದರೆ ಬಹು ಆಳ ಹೋಗಬೇಕು. ಬಡಾವಣೆಯ ಕೊಳವೆಬಾವಿ ಏಪ್ರಿಲ್–ಮೇಯಲ್ಲಿ ಎಷ್ಟು ಕೊಡುತ್ತದೆ, 28 ಮನೆಗಳಿಗೆ ಅದು ಸಾಲುತ್ತದೆಯೇ ಎಂದು ಈಗಾಗಲೇ ಅಲ್ಲಿ ವಾಸಿಸುತ್ತಿರುವವರನ್ನೇ ಕೇಳಿರಿ. ಸಾವಿರ ಚದರಡಿಯ ಮಾಡಿನ ಮೇಲೆ ನಮ್ಮಲ್ಲಿ ವರ್ಷಕ್ಕೆ ಮೂರು ಲಕ್ಷ ಲೀಟರಿಗೂ ಮಿಕ್ಕಿ ಮಳೆ ಬೀಳುತ್ತದೆ. ಅದನ್ನು ಸೋಸಿ ಟಾಂಕಿಗೂ ಬಾವಿಗೂ ಇಳಿಸುವ ವ್ಯವಸ್ಥೆಯನ್ನು ಮನೆ ಕಟ್ಟುವಾಗಲೇ ಮಾಡಿಸಿಕೊಳ್ಳಿರಿ. ಬಾವಿಯಿಂದ ಶೌಚದ ಇಂಗುಗುಂಡಿಗೆ 7.5 ಮೀಟರ್ ಅಂತರ ಇರಲೇಬೇಕೆಂಬುದು ಪಂಚಾಯತಿನ ಕಟ್ಟಡ ನಿಯಮ. ನಿಮ್ಮ ಪ್ಲಾಟಿನೊಳಗೆ ಆ ಅಂತರ ಸಿಗಬಹುದು, ಆದರೆ ಎಲ್ಲ ಮನೆಗಳಿಗೂ ಒಂದೇ ನಕ್ಷೆಯಾದರೆ ನಿಮ್ಮ ಬಲಮೂಲೆಯ ಬಾವಿಗೆ ತಾಗಿಕೊಂಡೇ ಪಕ್ಕದ ಮನೆಯ ಎಡಮೂಲೆಯ ಗುಂಡಿ ಬರುತ್ತದೆ. ಬಡಾವಣೆಯ ನಕ್ಷೆಯಲ್ಲಿ 22, 23, 24ರ ಬಾವಿ ಮತ್ತು ಗುಂಡಿಗಳನ್ನು ಗುರುತಿಸಿ ಅಳೆದು ನೋಡಿರಿ. ಇದನ್ನು ಅಳೆಯುವವರು ಬಹಳ ಕಡಿಮೆ.

ನಿಮ್ಮ ಹೆಂಡತಿಯವರ ಕಷ್ಟಕ್ಕೆ ಬರೋಣ. ಗೇಟಿನಿಂದ ತುದಿಯವರೆಗೆ ಕಾರು ಸಲೀಸಾಗಿ ಹತ್ತುವ ರಸ್ತೆಯಿದ್ದು, ಮನೆಯೊಳಗೆ ಮಲಗುವ ಕೋಣೆಯೂ ಬಚ್ಚಲೂ ನೆಲದಂತಸ್ತಿನಲ್ಲಿದ್ದರೆ ದಿನನಿತ್ಯದ ಹತ್ತಿಳಿಕೆ ಇರುವುದಿಲ್ಲ. ಅಂಗಳದಿಂದ ಜಗಲಿಗೆ ಮೆಟ್ಟಿಲ ಬದಲು ಇಳಿಜಾರು ಮಾಡಿಸಿರಿ. ಸಮುದ್ರ ನೋಡಲೆಂದು ಪಶ್ಚಿಮಕ್ಕೆ ದೊಡ್ಡ ಗಾಜಿನ ಕಿಟಕಿಗಳನ್ನಿಡುವ ಆಸೆ ಮಗನಿಗಿದ್ದರೆ ಅದಕ್ಕೆ ಮಾತ್ರ ಒಪ್ಪಬೇಡಿ: ಮಳೆ ಹೊಡೆಯುವುದೂ ಮಧ್ಯಾಹ್ನದ ಬಿಸಿಲು ಬರುವುದೂ ಆ ಕಡೆಯಿಂದಲೇ. ಮಾಡನ್ನು ಅಲ್ಲಿ ಒಂದು ಮೀಟರಿಗೂ ಹೆಚ್ಚು ಚಾಚಿಸಿರಿ. ಅಂಚಿನಾಚೆಗಿನ ಖಾಲಿ ಜಾಗ ಕುಮ್ಕಿಯೋ (ಪಟ್ಟಾ ಜಾಗಕ್ಕೆ ತಾಗಿಕೊಂಡ ಸರಕಾರಿ ಭೂಮಿ) ಪೊರಂಬೋಕೋ (ಯಾರ ಹೆಸರಿಗೂ ಇಲ್ಲದ ಸರಕಾರಿ ಭೂಮಿ) ಆಗಿದ್ದರೆ ಅದು ಸರಕಾರದ್ದು, ಬಡಾವಣೆಯವರು ಅದನ್ನು ಉದ್ಯಾನವೆಂದು ತೋರಿಸಿ ಬೆಲೆ ಏರಿಸುವಂತಿಲ್ಲ. 23ರ ಗಡಿ ಅದರೊಳಗೆ ನುಗ್ಗಿಲ್ಲವೆಂಬುದನ್ನು ಸರ್ವೆ ಸ್ಕೆಚ್ಚಿನಿಂದ ಖಚಿತಪಡಿಸಿಕೊಳ್ಳಿರಿ. ಡಿಜಿಟಲ್ ಮರುಸರ್ವೆ ಮುಗಿದ ಗ್ರಾಮಗಳಲ್ಲಿ ಇದು ಈಗ ಸುಲಭ. 2024ರ ಅಕ್ಟೋಬರಿನಲ್ಲಿ ಭೂದಾಖಲೆಗಳ 'ಎಂಡೆ ಭೂಮಿ' ಪೋರ್ಟಲ್ ಮೊದಲು ಜಾರಿಯಾದದ್ದು ನಮ್ಮದೇ ಜಿಲ್ಲೆಯ ಉಜಾರು ಉಳುವಾರು ಗ್ರಾಮದಲ್ಲಿ.

ಪ್ರಶ್ನೆ: ಇಂಥದೇ ಬಡಾವಣೆಯಲ್ಲಿ ನಾವು ಪ್ಲಾಟು ಆರಿಸಿಯಾಗಿದೆ. ಒಪ್ಪಂದ ಪತ್ರ ಮಲಯಾಳದಲ್ಲಿದೆ, ನಮಗೆ ಮಾತು ಬರುತ್ತದೆ, ಓದು ಅಷ್ಟಕ್ಕಷ್ಟೆ. ಕಾಲಂಶ ಹಣ ಕೊಟ್ಟು ಸಹಿ ಮಾಡಿರೆಂದು ಅವಸರಿಸುತ್ತಿದ್ದಾರೆ.
– ಓದುಗರು, ಮಂಜೇಶ್ವರ

ಉತ್ತರ: ಕಾಲಂಶ ಕೊಡಬೇಡಿ. 2016ರ ರೇರಾ (ರಿಯಲ್ ಎಸ್ಟೇಟ್ ನಿಯಂತ್ರಣ) ಕಾಯ್ದೆಯ ಪ್ರಕಾರ, ನೋಂದಾಯಿತ ಮಾರಾಟ ಒಪ್ಪಂದ ಆಗುವ ಮೊದಲು ಒಟ್ಟು ಬೆಲೆಯ ಶೇಕಡಾ 10ಕ್ಕಿಂತ ಹೆಚ್ಚು ಹಣವನ್ನು ಅವರು ಪಡೆಯುವಂತಿಲ್ಲ. ಅಭಿವೃದ್ಧಿಪಡಿಸುವ ಜಾಗ 500 ಚದರ ಮೀಟರ್, ಅಂದರೆ ಸುಮಾರು 12 ಸೆಂಟ್ಸ್ ದಾಟಿದರೆ ಬಡಾವಣೆ ರೇರಾದಲ್ಲಿ ನೋಂದಣಿಯಾಗಿರಬೇಕು. ನೋಂದಣಿ ಸಂಖ್ಯೆ ಕೇಳಿ ಪಡೆದು, ಅಲ್ಲಿರುವ ಮಂಜೂರಾದ ನಕ್ಷೆಯಲ್ಲಿ ನಿಮ್ಮ ಪ್ಲಾಟಿನ ಅಳತೆಯೂ ರಸ್ತೆಯ ಅಗಲವೂ ನಿಮಗೆ ತೋರಿಸಿದ ನಕ್ಷೆಯೊಂದಿಗೆ ಹೊಂದುತ್ತವೆಯೇ ಎಂದು ನೋಡಿರಿ. ರಸ್ತೆಯ ಮೇಲಿನ ನಿಮ್ಮ ಹಕ್ಕು ಮೀಟರ್ ಲೆಕ್ಕದಲ್ಲಿ ಆಧಾರದಲ್ಲಿಯೇ (ಕ್ರಯಪತ್ರದಲ್ಲಿಯೇ) ಬರೆದಿರಬೇಕು.

ಒಪ್ಪಂದವನ್ನು ನಿಮ್ಮ ಪರವಾದ ಒಬ್ಬ ಆಧಾರ ಬರೆಯುವವರಿಂದಲೋ ವಕೀಲರಿಂದಲೋ ಕನ್ನಡದಲ್ಲಿ ವಾಕ್ಯ ವಾಕ್ಯವಾಗಿ ಓದಿಸಿಕೊಳ್ಳಿರಿ, ಬಡಾವಣೆಯವರೇ ಕೊಟ್ಟವರಿಂದ ಬೇಡ. ಗ್ರಾಮ ಕಚೇರಿಗೂ ಪಂಚಾಯತಿಗೂ ಕನ್ನಡದಲ್ಲಿ ಅರ್ಜಿ ಬರೆದು ಕನ್ನಡದಲ್ಲಿಯೇ ಉತ್ತರ ಕೇಳುವ ಹಕ್ಕು ಭಾಷಾ ಅಲ್ಪಸಂಖ್ಯಾತ ಪ್ರದೇಶದ ನಮಗೆ 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಿಂದ ಬಂದಿದೆ, ಅದನ್ನು ಬಳಸಿರಿ. ಬೆಲೆಯ ಲೆಕ್ಕ ಹಾಕುವಾಗ ಸ್ಟಾಂಪು ಶೇಕಡಾ 8 ಮತ್ತು ನೋಂದಣಿ ಶುಲ್ಕ ಶೇಕಡಾ 2 ಸೇರಿಸಿಕೊಳ್ಳಿರಿ, ಸರಕಾರದ ನ್ಯಾಯಬೆಲೆ ಹೆಚ್ಚಿದ್ದರೆ ಅದರ ಮೇಲೆಯೇ. ಆಧಾರವಾದ ಕೂಡಲೇ ಪೋಕುವರವು (ಖಾತೆ ಬದಲಾವಣೆ) ಮಾಡಿಸಿ, ನಿಮ್ಮ ಹೆಸರಿನ ತಂಡಪೇರಿನಲ್ಲಿ (ಕಂದಾಯ ಖಾತೆಯಲ್ಲಿ) ಮೊದಲ ತೀರ್ವೆ ರಶೀದಿ ಕೈಗೆ ಬಂದ ಮೇಲೆ ಕೊನೆಯ ಕಂತನ್ನು ಕೊಡುವಂತೆ ಒಪ್ಪಂದದಲ್ಲಿ ಬರೆಸಿಕೊಳ್ಳಿರಿ.