ಕರುಳಿನ ಬಯಾಪ್ಸಿಯಲ್ಲಿ ಸ್ಪೈರೋಕೀಟ್ ಕಂಡರೆ ಔಷಧ ಬೇಕೇ?

ಕೊಲೊನೋಸ್ಕೋಪಿ (ದೊಡ್ಡ ಕರುಳನ್ನು ಕ್ಯಾಮೆರಾದಿಂದ ನೋಡುವ ಪರೀಕ್ಷೆ) ನಾರ್ಮಲ್, ಆದರೆ ಬಯಾಪ್ಸಿಯಲ್ಲಿ (ಕರುಳಿನ ತುಣುಕಿನ ಪರೀಕ್ಷೆಯಲ್ಲಿ) ‘ಇಂಟೆಸ್ಟೈನಲ್ ಸ್ಪೈರೋಕೀಟೋಸಿಸ್’ ಎಂದು ಬಂದಿದೆ, ಇದು ಸಿಫಿಲಿಸ್ಸೇ, ಔಷಧ ಬೇಕೇ ಎಂದು ಕೇಳಿದ್ದೀರಿ.

ಇದು ಸಿಫಿಲಿಸ್ ಅಲ್ಲ. ಸ್ಪೈರೋಕೀಟ್ ಎಂದರೆ ಸುರುಳಿ ಆಕಾರದ ಬ್ಯಾಕ್ಟೀರಿಯಾ. ಸಿಫಿಲಿಸ್ ತರುವುದೂ ಅಂಥದ್ದೇ ಒಂದು, ಆದರೆ ಇವು ಬ್ರಾಕಿಸ್ಪೈರಾ ಎಂಬ ಬೇರೆ ಕುಲದವು. ಮನುಷ್ಯರಲ್ಲಿ ಸಿಗುವುದು ಮುಖ್ಯವಾಗಿ ಇದರ ಆಲ್ಬೋರ್ಗಿ ಮತ್ತು ಪೈಲೋಸಿಕೋಲಿ ಎಂಬ ಎರಡು ಜಾತಿ. ಪೈಲೋಸಿಕೋಲಿ ಹಂದಿ, ಕೋಳಿಗಳಲ್ಲೂ ಇರುತ್ತದೆ. ಕರುಳಿನ ಒಳಮೈ ನೋಡಲು ಸಾಮಾನ್ಯವಾಗಿ ಚೆನ್ನಾಗಿಯೇ ಇರುತ್ತದೆ, ಹಾಗಾಗಿ ಬಯಾಪ್ಸಿ ತೆಗೆಯದೆ ಇದು ಗೊತ್ತಾಗುವುದೇ ಕಷ್ಟ. ಬಯಾಪ್ಸಿ ತುಣುಕಿಗೆ ಹಾಕುವ ಮಾಮೂಲಿ ಬಣ್ಣವಾದ ಎಚ್ ಅಂಡ್ ಇ ಸ್ಟೇನ್‌ನಲ್ಲಿ ಮೇಲ್ಪದರದ ಜೀವಕೋಶಗಳ ಅಂಚಿಗೆ ಕೆಲವೇ ಮೈಕ್ರಾನ್ ದಪ್ಪದ ನೀಲಿ ಅಂಚು ಕಾಣುತ್ತದೆ, ಬಟ್ಟೆಗೆ ಕುಚ್ಚು ಹಾಕಿದಂತೆ. ಬ್ಯಾಕ್ಟೀರಿಯಾ ಒಂದು ತುದಿಯಿಂದ ಅಂಟಿಕೊಂಡು ಒತ್ತೊತ್ತಾಗಿ ನಿಂತಿರುವುದರಿಂದ ಹೀಗೆ. ಕೆಳಗೆ ಉರಿಯೂತ ಹೆಚ್ಚಾಗಿ ಇರುವುದಿಲ್ಲ. ಅನುಮಾನವಿದ್ದರೆ ವಾರ್ಥಿನ್-ಸ್ಟಾರಿ ಬೆಳ್ಳಿ ಸ್ಟೇನ್ ಮಾಡಿಸಬಹುದು. ಸಿಫಿಲಿಸ್ ತರುವ ಟ್ರೆಪೊನೀಮಾ ಬ್ಯಾಕ್ಟೀರಿಯಾಗೆಂದು ಮಾಡಿದ ಆಂಟಿಬಾಡಿ ಸ್ಟೇನ್ ಇವಕ್ಕೂ ಹತ್ತುತ್ತದೆ. ಬಯಾಪ್ಸಿಯಲ್ಲಿ ಅದು ಪಾಸಿಟಿವ್ ಬಂದರೆ ಅದರಿಂದಲೇ ಸಿಫಿಲಿಸ್ ಎನ್ನುವಂತಿಲ್ಲ, ಅದಕ್ಕೆ ರಕ್ತಪರೀಕ್ಷೆಯೇ ಬೇಕು.

ಔಷಧದ ವಿಷಯದಲ್ಲಿ ನನ್ನ ನಿಲುವು ಇಷ್ಟು: ರಿಪೋರ್ಟ್‌ಗೆ ಚಿಕಿತ್ಸೆ ಕೊಡಬೇಡಿ, ತೊಂದರೆಗೆ ಕೊಡಿ. ಎಷ್ಟೋ ಜನರಲ್ಲಿ ಇವು ಯಾವ ಲಕ್ಷಣವೂ ಇಲ್ಲದೆ ಇರುತ್ತವೆ, ಅವರು ಸುಮ್ಮನಿರಬಹುದು. ವಾರಗಟ್ಟಲೆ ನೀರುಭೇದಿ, ಹೊಟ್ಟೆನೋವು ಇದ್ದರೆ ಮೊದಲು ಜಿಯಾರ್ಡಿಯಾ (ಕರುಳಿನ ಪರಾವಲಂಬಿ ಸೋಂಕು), ಸೀಲಿಯಾಕ್ (ಗೋಧಿಯ ಗ್ಲೂಟನ್‌ನಿಂದಾಗುವ ಕರುಳಿನ ಕಾಯಿಲೆ), ಮೈಕ್ರೋಸ್ಕೋಪಿಕ್ ಕೊಲೈಟಿಸ್ (ಬಯಾಪ್ಸಿಯಲ್ಲಿ ಮಾತ್ರ ಕಾಣುವ ಕರುಳಿನ ಉರಿಯೂತ), ಕ್ರೋನ್ಸ್ (ದೀರ್ಘಕಾಲದ ಕರುಳಿನ ಉರಿಯೂತ) ಇಂಥವನ್ನು ತಳ್ಳಿಹಾಕಬೇಕು. ಈ ಹಂತ ಬಿಟ್ಟರೆ ನಿಜವಾದ ಕಾರಣ ಸ್ಪೈರೋಕೀಟ್ ಹೆಸರಿನ ಹಿಂದೆ ಅಡಗಿಬಿಡುತ್ತದೆ, ಇಲ್ಲಿ ಆಗುವ ದೊಡ್ಡ ಎಡವಟ್ಟು ಅದೇ. ಎಚ್‌ಐವಿ ಇರುವವರಲ್ಲಿ ಮತ್ತು ಪುರುಷರೊಂದಿಗೆ ಲೈಂಗಿಕ ಸಂಪರ್ಕವಿರುವ ಪುರುಷರಲ್ಲಿ ಇದು ಹೆಚ್ಚು ಕಾಣುವುದರಿಂದ, ಸಂದರ್ಭ ನೋಡಿ ಎಚ್‌ಐವಿ, ಗೊನೋರಿಯಾ, ಕ್ಲಮೈಡಿಯಾ ಪರೀಕ್ಷೆಗಳನ್ನೂ ಕೇಳಿ.

ಬೇರೆ ಕಾರಣ ಸಿಗದಿದ್ದರೆ ವೈದ್ಯರು ಸಾಮಾನ್ಯವಾಗಿ ಬರೆಯುವುದು ಮೆಟ್ರೋನಿಡಜೋಲ್ ಎಂಬ ಆಂಟಿಬಯಾಟಿಕ್, 500 ಮಿ.ಗ್ರಾಂ., ದಿನಕ್ಕೆ 3 ಬಾರಿ, ಸುಮಾರು 10 ದಿನ. ಬಾಯಲ್ಲಿ ಲೋಹದ ರುಚಿ, ವಾಕರಿಕೆ ಬರಬಹುದು. ಮದ್ಯ ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ವಾರ್ಫರಿನ್ ತೆಗೆದುಕೊಳ್ಳುತ್ತಿದ್ದರೆ ಮುಂಚೆಯೇ ಹೇಳಿ, ರಕ್ತಸ್ರಾವದ ಅಪಾಯ ಏರುತ್ತದೆ. ಭೇದಿ ನಿಂತರೆ ಸಾಕು, ಬರೀ ಖಚಿತಪಡಿಸಿಕೊಳ್ಳಲು ಮತ್ತೊಮ್ಮೆ ಕೊಲೊನೋಸ್ಕೋಪಿ ಬೇಡ. ನಿಲ್ಲದಿದ್ದರೆ ಅದೇ ಮಾತ್ರೆಯ ಎರಡನೇ ಕೋರ್ಸ್‌ಗೆ ಮುನ್ನ ಬೇರೆ ಕಾರಣವನ್ನು ಮತ್ತೆ ಹುಡುಕಲು ಹೇಳಿ.